ಅಂಗಮ್ಮನ ಅಚ್ಚಾದ ಮಾತು

ಪಿಎಚ್.ಡಿ. ಪ್ರಬಂಧದ ಮೊದಲಿಗೆ ಕೃತಜ್ಞತೆ ಹೇಳಲು ಒಂದು ಪುಟ ಕೊಡುತ್ತಾರೆ. ಅದರಲ್ಲಿ ಕುಲಪತಿಗಳಿಂದ ಹಿಡಿದು ಜೆರಾಕ್ಸ್ ಅಂಗಡಿಯವರವರೆಗೆ ಎಲ್ಲರನ್ನೂ ತುರುಕಬೇಕು. ನನ್ನ ಪುಟದಲ್ಲಿ ಅಂಗಮ್ಮನಿಗೆ ಸಿಕ್ಕಿದ್ದು ಒಂದೂವರೆ ಸಾಲು, ಅದೂ ಇಂಗ್ಲಿಷಿನಲ್ಲಿ. ಬರೆಯುವಾಗಲೇ ನನ್ನ ಮೇಲೆ ನನಗೆ ಸಿಟ್ಟು ಬಂದಿತ್ತು. ಮುಳುಗುತ್ತಿದ್ದವಳ ಜುಟ್ಟು ಹಿಡಿದು ದಡಕ್ಕೆ ಎಳೆದವರಿಗೆ ಒಂದೂವರೆ ಸಾಲೇ? ಅದಕ್ಕೇ ಇದನ್ನು ಪುಟದ ಹಂಗಿಲ್ಲದೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂಗಮ್ಮ ಮನೆಯಲ್ಲಿ ಮಾತಾಡುವುದು ಕನ್ನಡವನ್ನೇ. ಆದರೆ ಕನ್ನಡದ ಅಕ್ಷರ ಅವರಿಗೆ ಬಾರದು. ನಾನೇ ಓದಿ ಹೇಳಬೇಕು. ಬೈದರೆ ಬೈಯಲಿ.

ನಾನು ತಿಪಟೂರಿನವಳು, ಹೆಸರು ಪ್ರಕೃತಿ. ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತೇನೆಂದು ಕೊಯಮತ್ತೂರಿಗೆ ಬಂದಿಳಿದಾಗ ನನಗೆ ಗೊತ್ತಿದ್ದ ತಮಿಳಿನಲ್ಲಿ ಒಂದು ಊಟ ಕೇಳಬಹುದಿತ್ತು, ಒಂದು ಬಸ್ಸು ಹಿಡಿಯಬಹುದಿತ್ತು, ಅಷ್ಟೇ. ನನ್ನ ವಿಷಯ, ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಮೊದಮೊದಲು ಕೆಲಸಕ್ಕೆ ಹೋದ ಹೆಂಗಸರು. ಅವರನ್ನು ಮಾತಾಡಿಸದೆ ಪ್ರಬಂಧವಿಲ್ಲ. ನನ್ನ ಮಾರ್ಗದರ್ಶಕ ಹರಿಹರನ್ ಸರ್ ನನ್ನ ತಮಿಳು ಕೇಳಿ ಹಣೆ ಚಚ್ಚಿಕೊಂಡು, ಪಲ್ಲಡಂ ಕಡೆ ತಲೆತಲಾಂತರದಿಂದ ಕನ್ನಡ ಮಾತಾಡುವ ಮನೆಗಳಿವೆ, ಅಲ್ಲಿಂದ ಶುರು ಮಾಡು ಎಂದರು.

ಪಲ್ಲಡಂನಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ ಒಂದೇ ಮನೆಯ ಕಡೆ ಕೈ ತೋರಿಸಿದರು. "ಕಾಲೇಜಿಂದ ಬಂದಿದೀರಾ? ಹಂಗಾದ್ರೆ ಅಂಗಮ್ಮನ ಮನೆಗೆ ಹೋಗಿ." ಪವರ್‌ಲೂಮ್ ಶೆಡ್ಡುಗಳ ಹಿಂದಿನ ಓಣಿ. ಮಗ್ಗಗಳ ಸದ್ದಿಗೆ ಗೋಡೆಯೇ ಅದುರುತ್ತಿತ್ತು. ಬಾಗಿಲಲ್ಲಿ ನಿಂತು ನಾನು ಕನ್ನಡದಲ್ಲಿ "ನಮಸ್ಕಾರ" ಎಂದದ್ದೇ ತಡ, ಒಳಗಿನಿಂದ ಬಂದ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿನ್ನ ಕನ್ನಡ ಟೀವೀಲಿ ಬರೋ ಕನ್ನಡದಂಗೆ ಅದೆ. ಮೊದ್ಲು ಕೈ ತೊಳ್ಕೊ. ಸಾಪಾಡು ಆಗ್ಲಿ, ಮಾತು ಆಮೇಲೆ" ಎಂದು ಎಲೆ ಹಾಕಿಯೇ ಬಿಟ್ಟರು. ಅವತ್ತು ನಾನು ಊಟ ಮಾಡಿಕೊಂಡು ಬಂದಿದ್ದೆ. ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಅಂಗಮ್ಮನ ಹಿರಿಯರು ಯಾವ ಕಾಲದಲ್ಲೋ ಕನ್ನಡನಾಡು ಬಿಟ್ಟು ಬಂದು ಅನ್ನೂರಿನ ಹತ್ತಿರ ಬೇಸಾಯ ಹೂಡಿದವರು. ಯಾವ ಊರಿಂದ ಬಂದರು ಎಂದು ಕೇಳಿದರೆ "ಮೇಲಿಂದ" ಎಂದು ಕೈ ಎತ್ತಿ ತೋರಿಸುತ್ತಾರೆ. ಮದುವೆಯಾಗಿ ಪಲ್ಲಡಂಗೆ ಬಂದರು. ಗಂಡ ಮಾಯಣ್ಣ ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನೋಡಿಕೊಳ್ಳುವವರು. ಒಬ್ಬಳೇ ಮಗಳು, ಗೋಕಿಲಾ. ಆ ಓಣಿಯಿಂದ ತಿರುಪ್ಪೂರಿಗೆ ಬಸ್ಸು ಹತ್ತಿ ಬನಿಯನ್ ಕಂಪನಿ ಸೇರಿದ ಮೊದಲ ಸೊಸೆ ಅಂಗಮ್ಮ. ಚೆಕಿಂಗ್ ಸೆಕ್ಷನ್ನಿನಲ್ಲಿ ಕೆಲಸ. ಬನಿಯನ್ನನ್ನು ಬೆಳಕಿಗೆ ಹಿಡಿದು ತೂತು, ಎಣ್ಣೆ ಕಲೆ, ಬಿಟ್ಟ ದಾರ ಹುಡುಕುವುದು. ಕಣ್ಣು ಮಂಜಾಗುವವರೆಗೂ ಅದನ್ನೇ ಮಾಡಿದರು. ಈಗ ಮನೆಯಲ್ಲಿದ್ದಾರೆ, ಆದರೆ ಹುಡುಕುವ ಚಟ ಹೋಗಿಲ್ಲ. ಯಾರೇ ಬರಲಿ, ಅಂಗಿಯಲ್ಲಿ ಜೋತಾಡುವ ದಾರವನ್ನು ಕಿತ್ತ ಮೇಲೇ ಕೂರಿಸುತ್ತಾರೆ.

ಊಟ ಮುಗಿದು ನಾನು ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿದೆ. ಅಲ್ಲಿಯವರೆಗೆ ಬಾಯಿ ತುಂಬ ಹರಟುತ್ತಿದ್ದ ಹೆಂಗಸು ಒಮ್ಮೆಗೇ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತರು. ದನಿಯೂ ಬದಲಾಯಿತು. ಗಂಡನಿಗೆ ತಾನು ಕೆಲಸಕ್ಕೆ ಹೋಗುವುದು ಇಷ್ಟವಿರಲಿಲ್ಲ, ಆತ ಮಾತು ಬಿಟ್ಟ, ಎಷ್ಟೋ ತಿಂಗಳು ಒಂದೇ ಸೂರಿನಡಿ ಇದ್ದೂ ಒಂದು ಮಾತಿಲ್ಲ, ಆದರೂ ತಾನು ಹಿಂದೆ ತಿರುಗಿ ನೋಡಲಿಲ್ಲ ಎಂದು ಎಲ್ಲೂ ತಡವರಿಸದೆ ಹೇಳಿದರು. ಕೊನೆಗೆ ಒಂದು ಮಾತು: "ಕಂಪನಿ ಬಸ್ಸು ಹತ್ತಿದ ದಿನ ನಾನು ಎರಡನೇ ಸಲ ಹುಟ್ಟಿದೆ." ನನಗೆ ಮೈ ಜುಮ್ಮೆಂದಿತು. ಅಲ್ಲೇ ತೀರ್ಮಾನಿಸಿದೆ, ನನ್ನ ನಾಲ್ಕನೇ ಅಧ್ಯಾಯದ ಹೆಸರು ಇದೇ.

ಜಗಲಿಯಲ್ಲಿ ಮಾಯಣ್ಣ ಸಾಂಬಾರ್ ಈರುಳ್ಳಿ ಸುಲಿಯುತ್ತ ಕೂತಿದ್ದರು. ಮಗ್ಗದ ಸದ್ದಿನಲ್ಲೇ ಆಯಸ್ಸು ಕಳೆದು ಅವರಿಗೆ ಕಿವಿ ಮಂದ. ಹೊರಡುವಾಗ ಅವರು ನಕ್ಕರು. ನಾನು ನಗಲಿಲ್ಲ. ಹೆಂಡತಿಯನ್ನು ಹಾಗೆ ಗೋಳು ಹುಯ್ದುಕೊಂಡು ಈಗ ಈರುಳ್ಳಿ ಸುಲಿದರೆ ಆಯಿತೇ ಎಂದು ಒಳಗೊಳಗೇ ಕುದಿಯುತ್ತ ಬಸ್ಸು ಹತ್ತಿದೆ. ಮುಂದಿನ ಮೂರ್ನಾಲ್ಕು ವರ್ಷ ಆ ಮನೆಗೆ ಎಷ್ಟು ಸಲ ಹೋದರೂ ಆ ಮನುಷ್ಯನ ಜೊತೆ ನಾನು ಮುಖ ಕೊಟ್ಟು ಮಾತಾಡಲಿಲ್ಲ.

ಪ್ರಬಂಧ ಮುಗಿಯಿತು. ಈಗ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್ ಇದೆ. ನಮ್ಮ ಬರಹವನ್ನು ಅದರ ಬಾಯಿಗೆ ಹಾಕಿದರೆ ಬೇರೆಯವರ ಬರಹದ ಜೊತೆ ಎಷ್ಟು ಪರ್ಸೆಂಟ್ ಹೋಲುತ್ತದೆ ಎಂದು ಉಗುಳುತ್ತದೆ. ಹತ್ತು ದಾಟಿದರೆ ಕತೆ ಮುಗಿದ ಹಾಗೆ. ನನ್ನದು ಆರು. ಆ ಆರೂ ವಿಶ್ವವಿದ್ಯಾಲಯದ ಹೆಸರು, ವಿಳಾಸ, ಯಾರು ಬರೆದರೂ ಒಂದೇ ಥರ ಬರೆಯುವ ಸಾಲುಗಳು. ಹರಿಹರನ್ ಸರ್ ಸಂಶೋಧನಾ ವಿದ್ಯಾರ್ಥಿಗಳಿಗೆಲ್ಲ ಬೋಂಡ ತರಿಸಿದರು. ಇನ್ನು ಉಳಿದದ್ದು ಪ್ರಬಂಧ ಸಲ್ಲಿಸುವ ಮುಂಚಿನ ಕೊನೇ ಮಂಡನೆ. ಅದಕ್ಕೆ ಹೊರಗಿನ ತಜ್ಞರಾಗಿ ಸೂಲೂರು ಕಡೆಯ ಒಂದು ಕಾಲೇಜಿನ ರುಕ್ಮಣಿ ಮೇಡಂ ಬಂದರು.

ನಾಲ್ಕನೇ ಅಧ್ಯಾಯದ ಹೆಸರು ಪರದೆಯ ಮೇಲೆ ಮೂಡಿದ ಕೂಡಲೇ ಅವರು ಕೈಲಿದ್ದ ಪೆನ್ನು ಕೆಳಗಿಟ್ಟರು. ನಾನು ಮುಗಿಸಿದ ಮೇಲೆ ದನಿ ಏರಿಸದೆ ಇಂಗ್ಲಿಷಿನಲ್ಲಿ ಕೇಳಿದರು.

"ಈ ವಾಕ್ಯ ಯಾರದು?"

"ನನ್ನ ಮಾಹಿತಿದಾರರದು ಮೇಡಂ. ಪಲ್ಲಡಂನವರು. ಹೆಸರು ಅಂಗಮ್ಮ."

"ಅಲ್ಲ. ಅದು ನನ್ನದು. ಹದಿನೆಂಟು ವರ್ಷದ ಹಿಂದೆ ನಾನೂ ಅಂಗಮ್ಮನ ಮನೆಗೆ ಹೋಗಿದ್ದೆ. ಒಂದು ವಿಚಾರ ಸಂಕಿರಣದ ಪುಸ್ತಕದಲ್ಲಿ ಲೇಖನ ಬರೆದೆ. ಆಕೆ ಆ ಮಾತು ಹೇಳಲೇ ಇಲ್ಲ. ಆಗ ನಾನು ಚಿಕ್ಕವಳು, ಹಾಗೆಲ್ಲ ಬರೆಯುವ ಹುಚ್ಚಿತ್ತು. ಅದು ನನ್ನ ಕಲ್ಪನೆಯ ಸಾಲು. ನಿಮ್ಮ ಅಧ್ಯಾಯದಲ್ಲಿ ಅದೊಂದೇ ಅಲ್ಲ, ನನ್ನ ಲೇಖನದ ಮಾತುಗಳೆಲ್ಲ ನಾನು ಇಟ್ಟ ಕ್ರಮದಲ್ಲೇ ಇವೆ."

ಅವರ ಲೇಖನ ಇರುವ ಸಂಗತಿಯೇ ನನಗೆ ಗೊತ್ತಿರಲಿಲ್ಲ. ಆ ಪುಸ್ತಕ ಇಂಟರ್‌ನೆಟ್ಟಿನಲ್ಲಿಲ್ಲ, ಹಾಗಾಗಿ ಸಾಫ್ಟ್‌ವೇರಿಗೂ ಸಿಕ್ಕಿರಲಿಲ್ಲ. ಫೋನು ತೆಗೆದು ರೆಕಾರ್ಡಿಂಗ್ ಕೇಳಿಸಿದೆ. ಅಂಗಮ್ಮನ ದನಿ ಸ್ಪಷ್ಟವಾಗಿತ್ತು. ಮೇಡಂಗೆ ಕನ್ನಡ ಬಾರದಿದ್ದರೂ ತಮಿಳು ಬೆರೆತ ಆ ಮಾತು ಅರ್ಥವಾಯಿತು. ಅದರಿಂದ ನನ್ನ ಪಾಡು ಇನ್ನೂ ಕೆಟ್ಟಿತು. "ಹಾಗಾದರೆ ನೀವು ನನ್ನ ಲೇಖನ ಓದಿ ಹೇಳಿ, ಆಕೆಯ ಬಾಯಲ್ಲಿ ಅದನ್ನೇ ಹೇಳಿಸಿದ್ದೀರಿ. ನಾನು ಇಂಗ್ಲಿಷಿನಲ್ಲಿ ಹೊಸೆದ ವಾಕ್ಯ ಆಕೆಯ ಬಾಯಿಂದ ತಾನಾಗಿ ಹೇಗೆ ಬರುತ್ತದೆ?" ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಎರಡು ವಾರದೊಳಗೆ ನಮ್ಮ ವಿಭಾಗದ ಸಂಶೋಧನಾ ಸಮಿತಿಗೆ ಲಿಖಿತ ವಿವರಣೆ ಕೊಡಬೇಕು, ಒಪ್ಪಿಗೆಯಾಗದಿದ್ದರೆ ವಿಷಯ ವಿಶ್ವವಿದ್ಯಾಲಯದ ವಿಚಾರಣಾ ಸಮಿತಿಗೆ ಹೋಗುತ್ತದೆ ಎಂದಾಯಿತು. ಅಲ್ಲಿಗೆ ಹೋದರೆ ನೋಂದಣಿಯೇ ರದ್ದು. ಕಳ್ಳಿ ಎಂಬ ಹೆಸರು ಹೊತ್ತು ತಿಪಟೂರಿಗೆ ಹೋಗುವುದು ಹೇಗೆ? ಹರಿಹರನ್ ಸರ್ ನನ್ನನ್ನು ನಂಬಿದರು. ಆದರೆ ಮಾರನೇ ದಿನದಿಂದ ಅವರು ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ಯುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಭಾನುವಾರ ಪಲ್ಲಡಂಗೆ ಹೋದೆ. ಗೋಕಿಲಕ್ಕನೂ ಬಂದಿದ್ದಳು. ಅವಳು ಮದುವೆಯಾಗಿ ಅದೇ ಊರಲ್ಲಿದ್ದಾಳೆ, ಒಂದು ಕೋಳಿ ಹ್ಯಾಚರಿಯ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾಳೆ. ಅಂಗಮ್ಮ ಅರಿಸಿ ಪರುಪ್ಪು ಸಾದ ಮಾಡಿದ್ದರು. ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿ ಒಗ್ಗರಣೆ ಹಾಕಿದ ಅನ್ನ, ಮೇಲೆ ಒಂದು ಮಿಳ್ಳೆ ತುಪ್ಪ. ನಾನು ಎರಡು ತುತ್ತು ತಿಂದು ಕೈ ನಿಲ್ಲಿಸಿದೆ. "ಅಮ್ಮಾ, ಆ ಎರಡನೇ ಹುಟ್ಟಿನ ಮಾತು ನಿಮ್ಮದೇ ತಾನೆ?" ಎಂದು ಕೇಳಿದೆ. ಅವರು ಕಣ್ಣು ತಪ್ಪಿಸಿ, "ನನ್ನ ಬಾಯಿಂದ ಬಂದ್ಮೇಲೆ ನಂದೇ" ಎಂದರು. ನಡೆದದ್ದನ್ನೆಲ್ಲ ಹೇಳಿದೆ. ರುಕ್ಮಣಿ ಎಂಬ ಹೆಸರು ಕೇಳಿದ್ದೇ ಅವರ ಕೈಯ ಸೌಟು ನಿಂತಿತು. ಆಮೇಲೆ ಮತ್ತೆ ಬಡಿಸತೊಡಗಿದರು.

ಗೋಕಿಲಕ್ಕನಿಗೆ ರೇಗಿತು.

"ಸಾಕು ಅವ್ವಾ. ಇನ್ನೆಷ್ಟು ವರ್ಷ ಇದೇ ಪಾಠ? ಪ್ರಕೃತಿ, ಆ ಮೇಡಂ ಕೆಲ್ಸ ಸಿಕ್ಕಿದ ಖುಷೀಲಿ ಸ್ವೀಟ್ ತಂದು ಆ ಪುಸ್ತಕ ಕೊಟ್ಟೋದ್ರು. ನಾನು ಆಗ ಪ್ಲಸ್ ಟೂ. ಡಿಕ್ಷನರಿ ಇಟ್ಕೊಂಡು ಓದಿ ಕನ್ನಡದಲ್ಲಿ ಹೇಳ್ದೆ. ಅಪ್ಪ ಮಾತು ಬಿಟ್ರು, ಅವ್ವ ಎರಡನೇ ಸಲ ಹುಟ್ತು, ಎಲ್ಲಾ ಅದ್ರಲ್ಲಿ ಇದ್ದದ್ದೇ. ಅವತ್ತಿಂದ ಯಾವ ಕಾಲೇಜು ಹುಡ್ಗೀರು ಬಂದ್ರೂ ಇವಳು ಅದನ್ನೇ ಒಪ್ಪಿಸ್ತಾಳೆ. ನಾನು ಓದಿ ಹೇಳಿದ ಮಾತನ್ನೇ ಒಂದಕ್ಷರ ಬಿಡದಂಗೆ."

"ಮಾಯಣ್ಣ ಅಪ್ಪ ಮಾತು ಬಿಟ್ಟಿರಲಿಲ್ವಾ?"

"ಬಿಟ್ಟಿದ್ರು, ಯಾಕಂದ್ರೆ ಆಡಕ್ಕೆ ಟೈಮೇ ಇರಲಿಲ್ಲ. ಅಪ್ಪಂಗೆ ಲೂಮಲ್ಲಿ ರಾತ್ರಿ ಪಾಳಿ, ಅವ್ವಂಗೆ ಕಂಪನೀಲಿ ಹಗಲು. ಇವಳು ಹೋದ್ಮೇಲೆ ಅವರು ಬರೋರು, ಇವಳು ಬರೋದ್ರೊಳಗೆ ಅವರು ಹೋಗೋರು. ರಜಾನೂ ಒಂದೇ ದಿನ ಇಲ್ಲ. ನನ್ನ ಸಾಕಿದ್ದು, ಅಡಿಗೆ ಮಾಡಿದ್ದು ಅಪ್ಪ. ಅವಳನ್ನ ಕಂಪನೀಗೆ ಸೇರ್ಸಿದ್ದೂ ಅಪ್ಪನೇ. ಇವರಿಬ್ಬರ ಮಾತನ್ನ ಆಕಡೆ ಈಕಡೆ ಹೊತ್ತದ್ದು ನಾನು. ಅಪ್ಪ ಹೇಳ್ತು, ಎಣ್ಣೆ ಮುಗಿದದೆ. ಅವ್ವ ಹೇಳ್ತು, ಅಪ್ಪಂಗೆ ಕಷಾಯ ಕುಡಿಯಕ್ಕೆ ಹೇಳು. ಬಾಲವಾಡಿಗೆ ಹೋಗೋ ಕೂಸು ನಾನು."

ಗೊತ್ತಿದ್ದೂ ಯಾಕಮ್ಮಾ ಹಾಗೆ ಹೇಳಿದಿರಿ ಎಂದು ಕೇಳುವಾಗ ನನ್ನ ದನಿ ಕಟುವಾಗಿಯೇ ಇತ್ತು. ಅಂಗಮ್ಮ ನನ್ನ ತೋಳಿನ ಹತ್ತಿರ ಒಂದು ದಾರ ಕಂಡು ಕಿತ್ತರು. ಆಮೇಲೆ, ಆ ಕಡೆ ಮಕ್ಕಳನ್ನು ಮುದ್ದಿಗೆ ಕರೆಯುವ ಹಾಗೆ 'ಕಣ್ಣು' ಎಂದು ಕರೆದು ಹೇಳಿದರು.

"ರೇಷನ್ ಕಾರ್ಡಲ್ಲಿ ನನ್ನ ವಯಸು ತಪ್ಪಾಗಿ ಬಿದ್ದದೆ ಕಣ್ಣು. ಸರಿ ಮಾಡ್ಸಕ್ಕೆ ತಾಲೂಕಾಫೀಸಿಗೆ ಅಲೆದು ಅಲೆದು ಚಪ್ಪಲಿ ಸವೀತು. ಬ್ಯಾಂಕಲ್ಲಿ ಒಂದು, ಕಾರ್ಡಲ್ಲಿ ಒಂದು ಅಂತ ಎಲ್ಲಾನೂ ನಿಲ್ಸಿಬಿಟ್ರು. ಕೊನೆಗೆ ಕಾರ್ಡಲ್ಲಿ ಇರೋದೇ ನನ್ನ ವಯಸು ಅಂದೆ, ಎಲ್ಲಾ ಸುಳುವಾಯ್ತು. ಒಂದ್ಸಲ ಅಚ್ಚಾದ್ಮೇಲೆ ಎಲ್ಲಾ ಕಡೇನೂ ಅದನ್ನೇ ಹೇಳಬೇಕು. ನೀವೆಲ್ಲ ಒಂದೇ ಕಾಲೇಜಾಫೀಸು ಅಂತ ನಾ ತಿಳ್ಕೊಂಡೆ. ನಾ ಬೇರೆ ಹೇಳಿದ್ರೆ ಆ ಕೂಸಿನ ಪಟ್ಟ ಕಿತ್ಕೊಂಡುಬಿಟ್ರೆ? ಪಾವಂ, ಬಿಸಿಲಲ್ಲಿ ಬಂದು ಇಲ್ಲೇ ಕೂತು ಬರ್ಕೊಂಡ ಕೂಸು."

ಅಂದರೆ ಹದಿನೆಂಟು ವರ್ಷ ಈ ತಾಯಿ ಯಾರದೋ ಡಿಗ್ರಿ ಕಾಯುತ್ತ ಕೂತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಗಾದರೆ ಕಾಲೇಜಿಗೆ ಬಂದು ಇದನ್ನೇ ವಿಭಾಗದ ಸಮಿತಿಯ ಮುಂದೆ ಹೇಳಿ ಎಂದೆ. ಅವರು ಆಗದೆಂದು ತಲೆಯಾಡಿಸಿದರು. "ನಿನಗೆ ಹೇಳಿದ್ದಾಯ್ತು. ನಾಲ್ಕು ಜನದ ಎದುರು ಹೇಳ್ಳಾರೆ. ಅವಳಿಗೆ ಅವಮಾನ."

"ನನಗೆ ಆಗ್ತಿರೋದು ಸನ್ಮಾನವಾ?" ಎಂದು ನಾನು ಎದ್ದುಬಿಟ್ಟೆ. ಎಲೆಯ ಮುಂದಿನಿಂದ ಅರ್ಧಕ್ಕೇ ಎದ್ದವಳನ್ನು ಆ ಮನೆ ಅವತ್ತೇ ಮೊದಲು ನೋಡಿದ್ದಿರಬೇಕು.

ಬಸ್ ಸ್ಟ್ಯಾಂಡಿನವರೆಗೆ ಮಾಯಣ್ಣ ಜೊತೆಗೆ ಬಂದರು. ದಾರಿಯುದ್ದಕ್ಕೂ ನನಗೆ ಅವರ ಮುಖ ನೋಡಲಾಗಲಿಲ್ಲ. ನಿಮ್ಮ ಬಗ್ಗೆ ಹಾಗೆ ಬರೆದದ್ದಕ್ಕೆ ಬೇಜಾರಾಗಲಿಲ್ಲವೇ ಎಂದು ಅವರ ಕಿವಿಯ ಹತ್ತಿರ ಕೂಗಿ ಕೇಳಿದೆ. ಕಿವಿ ಮಂದದವರು ತಾವೂ ಕೂಗಿಯೇ ಮಾತಾಡುತ್ತಾರೆ. "ಆ ಕೂಸು ಪಾಸಾಯ್ತಲ್ಲ, ಪರವಾಯಿಲ್ಲ. ಗೋಕಿಲನ ಅತ್ತೆ ಮನೇಲಿ ಯಾರಾನ ಓದಿಬಿಟ್ರೆ ಅಂತ ಕೊಂಚ ಭಯ ಇತ್ತು, ಅಷ್ಟೇ. ನೀ ಅಳಬೇಡ. ಇವಳು ಮೊದ್ಲು ಆಗಲ್ಲ ಅಂತಾಳೆ. ಆಮೇಲೆ ಸೀರೆ ಬದಲಾಯ್ಸ್ಕೊಂಡು ಹೊರಡ್ತಾಳೆ." ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಾನು ಅವಸರದಿಂದ ಕಣ್ಣೊರೆಸಿಕೊಂಡೆ.

ಗುರುವಾರ ರುಕ್ಮಣಿ ಮೇಡಂ ಫೋನ್ ಮಾಡಿದರು. ಅಂಗಮ್ಮ ಮಗಳ ಕೈಲಿ ಫೋನ್ ಮಾಡಿಸಿ ಭಾನುವಾರ ಊಟಕ್ಕೆ ಕರೆದಿದ್ದಾರಂತೆ, ನಾನೂ ಬರುತ್ತೇನಂತೆ, ಇದರ ಅರ್ಥವೇನು ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅದು ನಿಜವೇ. ನಾಲ್ಕು ಜನದ ಎದುರು ಹೇಳಲಾರೆ ಎಂದ ಅಂಗಮ್ಮ, ಹೇಳಬೇಕಾದವರನ್ನೇ ತಮ್ಮ ಎಲೆಯ ಮುಂದೆ ಕೂರಿಸುವ ದಾರಿ ಕಂಡುಕೊಂಡಿದ್ದರು.

ಮೇಡಂ ಸೂಲೂರಿನಿಂದ ಸ್ಕೂಟರಿನಲ್ಲಿ ಬಂದರು. ನನ್ನನ್ನು ನೋಡಿ ತಲೆ ಅಲ್ಲಾಡಿಸಿದರಷ್ಟೆ. ಇಬ್ಬರಿಗೂ ಪಕ್ಕಪಕ್ಕದಲ್ಲೇ ಎಲೆ. ಪಲ್ಯ ಬಂತು, ಅನ್ನ ಬಂತು, ತುಪ್ಪ ಬಂತು. ಮೇಡಂ ಎಲೆಯಲ್ಲಿ ಎರಡನೇ ಸಲದ ಅನ್ನ ಬಿದ್ದ ಮೇಲೆ ಅಂಗಮ್ಮ ಅವರೆದುರು ನೆಲದ ಮೇಲೆ ಕೂತರು. ಮಾತಾಡಿದ್ದು ತಮಿಳಿನಲ್ಲಿ. ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೂಸು, ನೀನು ತಪ್ಪು ಬರೆದೆ ಅಂತ ಹೇಳಲು ಕರೆದದ್ದಲ್ಲ. ಅವತ್ತು ನಾನು ಹೇಳಿದ್ದು ಅರ್ಧ. ಉಳಿದ ಅರ್ಧ ಇವತ್ತು ಹೇಳುತ್ತೇನೆ. ಈ ಹುಡುಗಿ ನಿನ್ನದೇನೂ ಕದ್ದಿಲ್ಲ. ನಿನ್ನ ಮಾತನ್ನು ಇವಳಿಗೆ ಕೊಟ್ಟವಳು ನಾನು."

ಆಮೇಲೆ ಹೇಳತೊಡಗಿದರು. ನನ್ನ ರೆಕಾರ್ಡಿಂಗಿನಲ್ಲಿದ್ದ ಹೆಂಗಸು ಇವರೇನಾ ಎನ್ನುವ ಹಾಗಿತ್ತು. ಒಂದು ವಾಕ್ಯ ನೆಟ್ಟಗೆ ಬರಲಿಲ್ಲ. ಅಲ್ಲಿ ನಿಂತರು, ಇಲ್ಲಿ ಎಡವಿದರು, ಹಿಂದೆ ಹೋಗಿ ಮತ್ತೆ ಶುರು ಮಾಡಿದರು. ಕಂಪನಿ ಬಸ್ಸು ಶೆಡ್ಡಿನ ಮುಂದೆ ಹಾದು ಹೋಗುವಾಗ ಮಾಯಣ್ಣ ಪಾಳಿ ಮುಗಿಸಿ ಸೈಕಲ್ ಹಿಡಿದು ನಿಂತಿರುತ್ತಿದ್ದರು ಎಂದರು. ಕೈ ಎತ್ತುತ್ತಿದ್ದರು, ಅಷ್ಟೇ. ಯಾವ ಕಿಟಕಿಯಲ್ಲಿ ಇದ್ದೇನೆಂದು ತಿಳಿಯಲಿ ಅಂತ ತಾನು ದಿನವೂ ಒಂದೇ ಕಡೆ ಕೂರುತ್ತಿದ್ದೆ ಎಂದರು. ಕತ್ತಲಾದ ಮೇಲೆ ಮನೆಗೆ ಬಂದರೆ ತಟ್ಟೆ ಮುಚ್ಚಿಟ್ಟ ಅನ್ನ ಇರುತ್ತಿತ್ತು. ಸಾರು ಏನಿತ್ತು ಎಂದು ನೆನಪಾಗದೆ ಜಗಲಿಯ ಕಡೆ ತಿರುಗಿ ಕನ್ನಡದಲ್ಲಿ ಕೂಗಿದರು.

"ಏನುಂಗ, ಅವಾಗ ದಿನಾ ಏನು ಸಾರು ಮಾಡ್ತಿದ್ರಿ?"

"ಹುರುಳಿ. ನನಗೆ ಬರ್ತಿದ್ದದ್ದು ಅದೊಂದೇ" ಎಂದು ಜಗಲಿಯಿಂದ ಉತ್ತರ ಬಂತು.

"ಹೌದು, ಹುರುಳಿ. ಉಪ್ಪು ಜಾಸ್ತಿ."

"ಉಪ್ಪು ಸರಿಯಾಗಿತ್ತು."

"ಜಾಸ್ತಿ. ಗೋಕಿಲಾ ಅಳ್ತಿತ್ತು."

ರುಕ್ಮಣಿ ಮೇಡಂ ಅನ್ನದಲ್ಲಿ ಕೈಯಿಟ್ಟು ಹಾಗೇ ಕೂತಿದ್ದರು. "ಅವತ್ತು ನೀವು ಅತ್ತಿರಲ್ಲಮ್ಮಾ" ಎಂದರು. "ಅವರು ಮಾತೇ ಆಡುತ್ತಿರಲಿಲ್ಲ ಎಂದು ಹೇಳಿ ಅತ್ತಿರಿ. ನಾನು ಮುಂದೆ ಏನೂ ಕೇಳಲಿಲ್ಲ."

"ಅತ್ತೆ. ಇವರು ಹಗಲೂ ನಿದ್ದೆ ಇಲ್ಲದೆ, ರಾತ್ರಿಯೂ ನಿದ್ದೆ ಇಲ್ಲದೆ ಕೂಸನ್ನು ಎತ್ತಿಕೊಂಡು ಓಡಾಡಿದ್ದು ನೆನಪಾಯಿತು. ಅದಕ್ಕೆ ಅತ್ತೆ."

ಮೇಡಂ ಎಂಜಲು ಕೈಯಲ್ಲೇ ಎದ್ದು ಜಗಲಿಗೆ ಹೋದರು. ಮಾಯಣ್ಣನ ಮುಂದೆ ನಿಂತು ಏನೋ ಹೇಳಿದರು. ಅವರಿಗೆ ಕೇಳಿಸಲಿಲ್ಲ. ಒಳಗೆ ನೋಡಿ, "ಏನು ಹೇಳ್ತದೆ ಕೂಸು?" ಎಂದರು.

"ಮನ್ನಿಸಿ ಅಂತಾಳೆ" ಎಂದು ಅಂಗಮ್ಮ ಕೂಗಿದರು.

ಮಾಯಣ್ಣ ಗಲಿಬಿಲಿಯಾಗಿ ಮೇಡಂ ಕೈಯನ್ನೇ ನೋಡಿದರು. "ಇನ್ನೂ ಮೊಸರನ್ನ ಆಗಿಲ್ವಲ್ಲ ಕೂಸಿಗೆ. ಕೂರ್ಸಿ ಹಾಕು" ಎಂದರು. ಮೇಡಂ ವಾಪಸ್ಸು ಬಂದು ಕೂತರು. ಮೊಸರನ್ನ ಉಣ್ಣುತ್ತ ಅತ್ತರು. ನಾನೂ ಅತ್ತೆ. ಗೋಕಿಲಕ್ಕ ಇಬ್ಬರಿಗೂ ಒಟ್ಟಿಗೆ ಉಪ್ಪಿನಕಾಯಿ ಬಡಿಸಿದಳು.

ನನ್ನ ಲಿಖಿತ ವಿವರಣೆಯ ಜೊತೆ ರುಕ್ಮಣಿ ಮೇಡಂ ಬರೆದದ್ದೂ ವಿಭಾಗದ ಸಮಿತಿಗೆ ಹೋಯಿತು. ಆ ವಾಕ್ಯಗಳು ತನ್ನವು, ಆದರೆ ಅವು ಅಂಗಮ್ಮನ ಬದುಕಿನವಲ್ಲ, ತಾನು ಬೇಕಾದದ್ದನ್ನು ಮಾತ್ರ ಕೇಳಿಸಿಕೊಂಡು ಬರೆದೆ, ಈ ವಿದ್ಯಾರ್ಥಿನಿ ಯಾರದನ್ನೂ ಕದ್ದಿಲ್ಲ ಎಂದು ಮರೆಮಾಚದೆ ಬರೆದಿದ್ದರು. ಅಷ್ಟಕ್ಕೇ ಸುಮ್ಮನಾಗದೆ ತಮ್ಮ ಹಳೆಯ ಲೇಖನದ ತಪ್ಪನ್ನು ತಾವೇ ಎತ್ತಿ ತೋರಿಸುವ ಹೊಸ ಲೇಖನವೊಂದನ್ನು ಪತ್ರಿಕೆಯೊಂದಕ್ಕೆ ಕಳಿಸಿದರು. ಅವರ ಬಡ್ತಿಯ ಕಡತ ಆಗ ನಡೆಯುತ್ತಿತ್ತಂತೆ, ಇದರಿಂದ ಅದು 'ಪರಿಶೀಲನೆಯಲ್ಲಿದೆ' ಎಂದು ಒಂದು ವರ್ಷ ಕೂತಿತಂತೆ. ಇದನ್ನು ಹೇಳಿದ್ದು ಹರಿಹರನ್ ಸರ್. ಮೇಡಂ ಇವತ್ತಿಗೂ ನನ್ನೆದುರು ಆ ಮಾತೆತ್ತಿಲ್ಲ. ಅವರಿಗೂ ನಾನು ಋಣಿ, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ನಾಲ್ಕನೇ ಅಧ್ಯಾಯವನ್ನು ಮೊದಲಿಂದ ಬರೆಯಲು ಸಮಿತಿ ಸಮಯ ಕೊಟ್ಟಿತು. ನಾನು ಮಾತಾಡಿಸಿದ್ದ ಹೆಂಗಸರ ಮನೆಗಳಿಗೆಲ್ಲ ಮತ್ತೆ ಹೋದೆ. ಈ ಸಲ ಅವರು ಹೇಳಿ ಮುಗಿಸಿದ ಮೇಲೂ ಕೂತಿದ್ದು, ಅದು ಯಾಕೆ, ಆಮೇಲೇನಾಯಿತು ಎಂದು ಕೇಳುತ್ತ ಹೋದೆ. ಗಂಡನ ಬೈಗುಳ ತಿಂದೇ ಕೆಲಸಕ್ಕೆ ಹೋದವರೂ ಇದ್ದರು, ಅದನ್ನು ಹಾಗೇ ಬರೆದೆ. ಎರಡನೇ ಹುಟ್ಟಿನ ಸಾಲು ರುಕ್ಮಣಿ ಮೇಡಂ ಹೆಸರಿನಲ್ಲಿ ಅಡಿಟಿಪ್ಪಣಿಗೆ ಇಳಿಯಿತು. ಅಂಗಮ್ಮನಿಗೆ ಅದೊಂದು ಬೇಸರ. "ಅದು ಕೇಳಕ್ಕೆ ಚೆಂದ ಇತ್ತು, ತೆಗೀಬಾರದಾಗಿತ್ತು" ಎನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ, ಆದರೆ ಹೇಳಲಿಲ್ಲ.

ಪ್ರಬಂಧದ ಕೊನೆಯ ಮೌಖಿಕ ಪರೀಕ್ಷೆ ಬಹಿರಂಗ. ಯಾರು ಬೇಕಾದರೂ ಬಂದು ಕೂರಬಹುದು, ಮಿಕ್ಸ್ಚರು ಕಾಫಿ ಕೊಡುತ್ತಾರೆ. ಹಿಂದಿನ ಸಾಲಿನಲ್ಲಿ ಗೋಕಿಲಕ್ಕ, ಮದುವೆಗೆ ಹೊರಟಂತೆ ಸೀರೆ ಉಟ್ಟ ಅಂಗಮ್ಮ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಾಯಣ್ಣ. ಪರೀಕ್ಷಕರ ಕುರ್ಚಿಯಲ್ಲಿ ರುಕ್ಮಣಿ ಮೇಡಂ. ಅವರು ಎಲ್ಲ ಅಧ್ಯಾಯಗಳ ಬಗ್ಗೆಯೂ ಕೆದಕಿ ಕೆದಕಿ ಕೇಳಿದರು, ಒಂಚೂರೂ ರಿಯಾಯಿತಿ ತೋರಿಸಲಿಲ್ಲ. ಕೊನೆಗೆ, "ನಾಲ್ಕನೇ ಅಧ್ಯಾಯದಲ್ಲಿ ನಿಮ್ಮ ಸ್ವಂತದ್ದು ಯಾವುದು?" ಎಂದರು.

"ಕೇಳಿದ ಪ್ರಶ್ನೆಗಳು ಮಾತ್ರ ಮೇಡಂ. ಅವೂ ಒಬ್ಬ ಮಗಳು ನನ್ನೆದುರು ತನ್ನ ಅವ್ವನ ಮೇಲೆ ರೇಗಿದ ನಂತರ ಹೊಳೆದವು" ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು.

ನಿಯಮದ ಪ್ರಕಾರ ಹರಿಹರನ್ ಸರ್ ಸಭಿಕರ ಕಡೆ ತಿರುಗಿ, ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಎಲ್ಲರ ಕಣ್ಣೂ ಮಿಕ್ಸ್ಚರಿನ ಮೇಲಿರುತ್ತದೆ. ಗೋಕಿಲಕ್ಕ ಅಪ್ಪನ ಕಿವಿಯಲ್ಲಿ ಅದನ್ನು ಹೇಳಿದಳು. ಮಾಯಣ್ಣ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು. ತಮಿಳರೇ ತುಂಬಿದ್ದ ಆ ಹಾಲಿನಲ್ಲಿ, ತಮ್ಮ ದೊಡ್ಡ ದನಿಯಲ್ಲಿ, ಕನ್ನಡದಲ್ಲೇ ಕೇಳಿದರು.

"ಕಣ್ಣು, ಈಗ ಈ ಬುಕ್ಕಲ್ಲಿ ನಾನು ಇವಳತ್ರ ಮಾತಾಡ್ತೀನಾ?"

"ಮಾತಾಡ್ತೀರ ಅಪ್ಪಾ" ಎಂದೆ. "ತುಂಬ ಮಾತಾಡ್ತೀರ."

ಅವರಿಗೆ ಕೇಳಿಸಲಿಲ್ಲ. ಅಂಗಮ್ಮ ಅವರ ತೋಳು ಹಿಡಿದು ಬಗ್ಗಿಸಿ ಕಿವಿಗೆ ಬಾಯಿಟ್ಟು ಹೇಳಿದರು. "ಹಂಗಾದ್ರೆ ಸರಿ" ಎಂದು ಮಾಯಣ್ಣ ಕೂತುಕೊಂಡರು.